ಎಂಜಿನ್ ಇಳಿಸುವ ಮೊದಲು ಸದ್ದಿನ ಬೆನ್ನುಹತ್ತಿದ್ದು

ಕಾರ್ಬುರೇಟರ್ ಇರುವ ನನ್ನ ಹಳೆಯ ಕಾರಿನ ಎಂಜಿನ್ ‘ಟಕ್ ಟಕ್’ ಎಂದು ಬಡಿಯತೊಡಗಿದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಲೇಬೇಕು. ಹಾಗಿರಲೂಬಹುದಿತ್ತು. ಬೇರಿಂಗ್ ಸವೆದ ಎಂಜಿನ್ನನ್ನು ಓಡಿಸುತ್ತಲೇ ಹೋದರೆ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಂಡು ಹೊರಬರುವುದುಂಟು. ಹಾಗಾಗಿ ಕಾರನ್ನು ರಸ್ತೆಗೆ ತೆಗೆಯುವುದನ್ನು ಅಂದೇ ನಿಲ್ಲಿಸಿದೆ. ಆದರೆ ಬಾನೆಟ್ ಎತ್ತಿ ಅರೆಗಳಿಗೆ ಕಿವಿಗೊಟ್ಟು ಕೊಟ್ಟ ತೀರ್ಪನ್ನು ನಂಬಿ ಎಂಜಿನ್ ಇಳಿಸುವ ಜಾಯಮಾನ ನನ್ನದಲ್ಲ.

ಮೊದಲು ನೋಡಿದ್ದು ಆಯಿಲ್. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನೆಚ್ಚುವಂತಿಲ್ಲ. ಒತ್ತಡ ತೀರಾ ಕುಸಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಮುಳ್ಳಿನ ಗೇಜ್ ಕೂರಿಸಿದೆ. 1000 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಇರಬೇಕೆಂಬುದು ರೂಢಿಯ ಅಂದಾಜು. ಎಂಜಿನ್ ಚೆನ್ನಾಗಿ ಕಾದ ಮೇಲೂ ಮುಳ್ಳು ಅದಕ್ಕಿಂತ ಮೇಲೆಯೇ ನಿಂತಿತು. ಬಳಿಕ ಆಯಿಲ್ ಫಿಲ್ಟರ್ ತೆಗೆದು ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿದೆ. ಕಪ್ಪು ಮಸಿಯ ಹೊರತು ಏನೂ ಇರಲಿಲ್ಲ. ಇಲ್ಲಿ ಅಯಸ್ಕಾಂತ ಆಡಿಸಿ ನಿಶ್ಚಿಂತರಾಗುವವರಿದ್ದಾರೆ. ಬೇರಿಂಗ್ ಲೋಹದಲ್ಲಿರುವುದು ತಾಮ್ರ, ಅಲ್ಯೂಮಿನಿಯಂ, ಸೀಸ, ತವರದಂಥವು. ಅವು ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಬಿಸಿಲಿನಲ್ಲಿ ಹಿಡಿದು ಹೊಳಪು ಹುಡುಕುವುದೇ ಸರಿ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕಿಂತ ಯಾವಾಗ ಬರುತ್ತಿದೆ ಎಂದು ಕೇಳಿಕೊಳ್ಳುವುದು ಮೇಲು. ಲೋಹದ ಮೈಯಲ್ಲಿ ಸದ್ದು ಎಲ್ಲಿಂದೆಲ್ಲಿಗೋ ಹರಿದು ಕಿವಿಯನ್ನು ಏಮಾರಿಸುತ್ತದೆ. ಲಯ ಹಾಗೆ ಏಮಾರಿಸುವುದಿಲ್ಲ. ತಣ್ಣಗಿದ್ದಾಗ ಜೋರಾಗಿ ಬಡಿದು, ಕಾದಂತೆ ಅಡಗಿದರೆ ಪಿಸ್ಟನ್ ಸಿಲಿಂಡರಿನ ಗೋಡೆಗೆ ತಟ್ಟುತ್ತಿರಬಹುದು, ಇಲ್ಲವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸೋರುತ್ತಿರಬಹುದು. ರಾಡ್ ಬೇರಿಂಗಾದರೆ ಆಯಿಲ್ ಕಾದು ತೆಳುವಾದಷ್ಟೂ ಸದ್ದು ಏರುತ್ತದೆ. ನನ್ನದು ತಣ್ಣಗಿದ್ದರೂ ಕಾದರೂ ಹೆಚ್ಚುಕಡಿಮೆ ಒಂದೇ ಸಮ ಬಡಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ತುಸು ಮಂಕಾಗಿ, ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟು ಎಂಜಿನ್ ಸುಮ್ಮನೆ ಓಡುವಾಗ, ಮತ್ತೆ ಗಡಸಾಗುತ್ತಿತ್ತು.

ಮುಂದಿನದು ಲಯದ ಲೆಕ್ಕ. ನಾಲ್ಕು ಸ್ಟ್ರೋಕ್‌ನ ಎಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ತಿರುಗುವುದು ಒಂದೇ ಸುತ್ತು. ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ಟ್ಯಾಪೆಟ್, ರಾಕರ್, ಕ್ಯಾಮ್‌ನಿಂದಲೇ ನಡೆಯುವ ಪೆಟ್ರೋಲ್ ಪಂಪ್ ಇವುಗಳ ಸದ್ದು ಅರ್ಧ ವೇಗದ್ದು. ರಾಡ್, ಕ್ರ್ಯಾಂಕಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲ್, ಬೆಲ್ಟ್ ತಿರುಗಿಸುವ ಮುಂದಿನ ಪುಲ್ಲಿ ಪೂರ್ಣ ವೇಗದವು. 800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 13 ಬಾರಿ ಸುತ್ತುವುದರಿಂದ ಬಾಯಲ್ಲಿ ಎಣಿಸುವ ಮಾತಿಲ್ಲ. ಕಿಡಿ ಬಿದ್ದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿದರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ದೀಪ ಮಿಂಚುತ್ತದೆ. ಐಡಲಿಂಗ್ ಸಾಧ್ಯವಾದಷ್ಟು ಇಳಿಸಿ, ಮಿಂಚಿನ ಮೇಲೆ ಕಣ್ಣು, ಬಡಿತದ ಮೇಲೆ ಕಿವಿ ಇಟ್ಟು ನಿಂತೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ಕೂಡಿಬಂದವು: ಮಿಂಚು ಒಂದು, ಪೆಟ್ಟು ಎರಡು. ಟ್ಯಾಪೆಟ್ ಅಲ್ಲ, ಕ್ರ್ಯಾಂಕಿನ ಜೊತೆ ತಿರುಗುವ ಏನೋ ಒಂದು. ರಾಡ್ ಬೇರಿಂಗ್ ಎಂದವರ ಮಾತಿಗೆ ಇಲ್ಲಿಯವರೆಗೂ ಜೀವವಿತ್ತು.

ಅದನ್ನು ತಳ್ಳಿಹಾಕಿದ್ದು ಮುಂದಿನ ಪರೀಕ್ಷೆ. ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿದರೆ ಆ ರಾಡಿನ ಮೇಲಿನ ಹೊರೆ ಇಳಿಯುತ್ತದೆ. ಅದರದ್ದೇ ಬೇರಿಂಗ್ ಸವೆದಿದ್ದರೆ ಬಡಿತ ಅಡಗುತ್ತದೆ ಅಥವಾ ಸ್ಪಷ್ಟವಾಗಿ ಬದಲಾಗುತ್ತದೆ. ಕಿತ್ತ ವೈರನ್ನು ಗಾಳಿಯಲ್ಲಿ ತೂಗಲು ಬಿಡಬಾರದು, ಇಗ್ನಿಷನ್ ಕಾಯಿಲ್‌ಗೆ ಕೇಡು. ಎಂಜಿನ್ ನಿಲ್ಲಿಸಿ, ವೈರನ್ನು ಕಾರಿನ ಲೋಹದ ಮೈಗೆ ಅರ್ತ್ ಮಾಡಿ, ಮತ್ತೆ ಚಾಲೂ ಮಾಡುತ್ತ ನಾಲ್ಕನ್ನೂ ನೋಡಿದೆ. ಎಂಜಿನ್ ಪ್ರತಿ ಸಲವೂ ಕುಂಟಿತು, ಬಡಿತ ಮಾತ್ರ ಜಗ್ಗಲಿಲ್ಲ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುವುದು ಹಳೆಯ ಪದ್ಧತಿ. ಫ್ಯಾನಿನ ಹತ್ತಿರ ತಲೆ ಬಗ್ಗಿಸುವ ಕೆಲಸವಾದ್ದರಿಂದ ಸಡಿಲ ಬಟ್ಟೆ ತೊಟ್ಟು ಇದಕ್ಕೆ ಇಳಿಯಬೇಡಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಂತೂ ಬೇಡವೇ ಬೇಡ. ಹಿಂದೆ ಫ್ಲೈವೀಲ್ ಕಡೆ ಸದ್ದು ದೂರದ್ದು, ಮುಂದೆ ಟೈಮಿಂಗ್ ಕವರಿನ ಮೇಲೆ ಕಿವಿಗೆ ಬಡಿಯುವಷ್ಟು ಹತ್ತಿರದ್ದು. ಫ್ಯಾನ್ ಬೆಲ್ಟ್ ಕಳಚಿ ಒಂದೇ ನಿಮಿಷ ಓಡಿಸಿದೆ, ಏಕೆಂದರೆ ಬೆಲ್ಟ್ ಇಲ್ಲದೆ ವಾಟರ್ ಪಂಪ್ ತಿರುಗುವುದಿಲ್ಲ. ಸದ್ದಿನ ದನಿ ತುಸು ಬದಲಾಯಿತೇ ಹೊರತು ನಿಲ್ಲಲಿಲ್ಲ. ಆಲ್ಟರ್ನೇಟರ್, ವಾಟರ್ ಪಂಪ್ ಎರಡೂ ನಿರಪರಾಧಿಗಳು.

ಉಳಿದದ್ದು ಕ್ರ್ಯಾಂಕ್ ಪುಲ್ಲಿ. ಇದು ಒಂದೇ ಕಬ್ಬಿಣದ ತುಂಡಲ್ಲ. ನಡುವಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ಮಧ್ಯೆ ಕಂಪನ ನುಂಗಲು ರಬ್ಬರ್ ಪಟ್ಟಿ ಇರುತ್ತದೆ. ಬೆಲ್ಟ್ ಮತ್ತೆ ಹಾಕಿ, ಎರಡಕ್ಕೂ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದು ಎಂಜಿನ್ ಓಡಿಸಿ ನಿಲ್ಲಿಸಿದೆ. ಗೆರೆ ತುಂಡಾಗಿತ್ತು. ಉಂಗುರದ ಮೇಲಿನ ಅರ್ಧ ಒಂದು ಬೆರಳಗಲ ಹಿಂದೆ ಸರಿದು ನಿಂತಿತ್ತು. ರಬ್ಬರ್ ಒಣಗಿ ಬಿಟ್ಟುಕೊಂಡಿತ್ತು. ಕೈಯಿಂದ ಅಲುಗಾಡಿಸಿದರೆ ಉಂಗುರ ಅದೇ ‘ಟಕ್’ ಎನ್ನುತ್ತಿತ್ತು.

ಇದರಿಂದ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ಕಳೆದ ಟ್ಯೂನಿಂಗ್ ಆದಾಗಿನಿಂದ ಕಾರು ಏರಿನಲ್ಲಿ ಎಳೆಯುತ್ತಿರಲಿಲ್ಲ, ಕಾವೂ ಹೆಚ್ಚಿತ್ತು. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ನೋಡುವ ಗುರುತು ಇರುವುದು ಹೊರಗಿನ ಉಂಗುರದ ಮೇಲೆ. ಉಂಗುರ ಹಿಂದೆ ಸರಿದಿದ್ದರಿಂದ, ಗುರುತಿಗೆ ಸರಿಯಾಗಿ ಕೂರಿಸಿದ ಕಿಡಿ ನಿಜಕ್ಕೆ ತಡವಾಗಿ ಬೀಳುತ್ತಿತ್ತು. ಹೊಸ ಪುಲ್ಲಿ ಹಾಕಿದ ಮೇಲೂ ಗುರುತನ್ನು ಕುರುಡಾಗಿ ನಂಬದೆ, ಒಂದನೇ ಪ್ಲಗ್ಗಿನ ರಂಧ್ರದಲ್ಲಿ ಪಿಸ್ಟನ್ನನ್ನು ತಡೆಯುವ ಸ್ಟಾಪ್ ತಿರುಗಿಸಿ, ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ಎರಡೂ ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ, ಎರಡೂ ಕಡೆ ಗುರುತು ಹಾಕಿದೆ. ಅವುಗಳ ನಟ್ಟನಡುವೆ ಸಿಗುವುದೇ ಪಿಸ್ಟನ್ನಿನ ನಿಜವಾದ ತುತ್ತತುದಿ. ಪುಲ್ಲಿಯ ಗುರುತು ಅದಕ್ಕೆ ಹೊಂದಿತು. ಟೈಮಿಂಗ್ ಹೊಸದಾಗಿ ಕೂರಿಸಿದೆ.

ಬಡಿತ ನಿಂತ ಮೇಲೆ, ಅದರ ಅಬ್ಬರದಲ್ಲಿ ಅಡಗಿದ್ದ ಟ್ಯಾಪೆಟ್ಟಿನ ಸಣ್ಣ ಚಿಟಿಚಿಟಿ ಕೇಳಿಸತೊಡಗಿತು. ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲಿ ಅಳೆದರೆ ವಾಲ್ವಿನ ಅಂತರ ಹೇಳಿದ ಮಿತಿಯಲ್ಲೇ ಇದೆ. ಬಿಗಿ ಮಾಡಿ ಸದ್ದಡಗಿಸಲು ಹೋದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹಾಗಾಗಿ ಅದನ್ನು ಮುಟ್ಟಿಲ್ಲ.