ಫೋನ್ ಮಾರಿದೆವು, ಅದು ನಮ್ಮ ಹೆಸರು ಬಿಡಲಿಲ್ಲ

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. 2025ರಲ್ಲಿ ಆಫೀಸಿನ ಫೋನೆಲ್ಲ ಬದಲಾಯಿಸಿದಾಗ 46 ಹಳೇ ಫೋನು ಎರಡು ಗೋಣಿಚೀಲದಲ್ಲಿ ನನ್ನ ರ್ಯಾಕಿಗೆ ಬಂದು ಬಿದ್ದವು. "ಗುಜರಿಗೆ ಹಾಕ್ಬಿಡಿ" ಅಂದರು ಮ್ಯಾನೇಜರ್. ಗುಜರಿಯವ ಬಂದ, ಚೀಲ ಬಿಚ್ಚಿಯೂ ನೋಡದೆ ತಕ್ಕಡಿ ತೆಗೆದ. ಎಲ್ಲಾ ಸೇರಿ 900 ರೂಪಾಯಿ! ಅದರಲ್ಲಿದ್ದ ಒಂದೊಂದು ಐಪಿ ಫೋನಿಗೂ 2019ರಲ್ಲಿ ನಾಲ್ಕು ಸಾವಿರದ ಮೇಲೆ ಕೊಟ್ಟ ಬಿಲ್ಲು ನನ್ನ ಫೈಲಿನಲ್ಲೇ ಇತ್ತು. ಟೀ ಕುಡಿಸಿ ಕಳಿಸಿದೆ.

ಚೀಲ ಸುರಿದು ನೋಡಿದರೆ ಮೂರು ಜಾತಿ. 28 ಐಪಿ ಫೋನು, ನೆಟ್‌ವರ್ಕ್ ಕೇಬಲ್ಲಿನಲ್ಲಿ ಓಡುವಂಥವು. 13 ಮಾಮೂಲಿ ಫೋನು, ಮನೆ ಲ್ಯಾಂಡ್‌ಲೈನಿಗೂ ಹಾಕಬಹುದಾದಂಥವು. ಉಳಿದ ಐದು ಪ್ಯಾನಸೋನಿಕ್ ಕೀ ಫೋನು. ನೋಡೋಕೆ ಇವೇ ಭರ್ಜರಿ, ಪರದೆ, ಸಾಲು ಸಾಲು ಬಟನ್ನು. ಆದರೆ ಇವು ಅದೇ ಕಂಪನಿಯ ಇಪಿಎಬಿಎಕ್ಸ್ ಡಬ್ಬಕ್ಕೆ (ಆಫೀಸಿನ ಒಳಗಿನ ಫೋನುಗಳನ್ನು ಜೋಡಿಸುವ ಎಕ್ಸ್‌ಚೇಂಜು) ಸಿಕ್ಕಿಸಿದರೆ ಮಾತ್ರ ಮಾತಾಡುತ್ತವೆ, ಬೇರೆಲ್ಲೂ ಉಸಿರೆತ್ತಲ್ಲ. ಅಂದ ಕಂಡು ಇದಕ್ಕೇ ಜಾಸ್ತಿ ರೇಟು ಹೇಳಿ ನಗೆಪಾಟಲಾದದ್ದು ನಾನೇ.

ತೊಳೆಯುವುದಕ್ಕೆ ಮೂರು ಸಂಜೆ ಹಿಡಿಯಿತು. ಪ್ರತಿ ಆಯುಧಪೂಜೆಗೂ ಪ್ರತಿ ಫೋನಿಗೂ ಅರಿಶಿನ ಕುಂಕುಮ ಇಟ್ಟು ಇಟ್ಟು, ಪರದೆಯ ಮೇಲಂಚಿನಲ್ಲಿ ಕೆಂಪು ಹಕ್ಕಳೆ ಕಟ್ಟಿತ್ತು. ಒದ್ದೆ ಬಟ್ಟೆಗೆ ಬರಲಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಯಲ್ಲಿ ಅದ್ದಿ ಉಜ್ಜಿದಾಗ ಬಿಟ್ಟಿತು, ಆದರೂ ಬಿಳಿ ಫೋನೊಂದರಲ್ಲಿ ಅರಿಶಿನದ ಕಲೆ ಹಾಗೇ ಉಳಿಯಿತು. ಸ್ಟಿಕ್ಕರ್ ಗೋಂದಿಗೆ ನೀಲಗಿರಿ ಎಣ್ಣೆ. ಬಟನ್ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಎತ್ತಿದರೆ ಕೆಳಗೆ ಕೈಬರಹದ ಚೀಟಿ, 'ಗೇಟ್ 9', 'ಕ್ಯಾಂಟೀನ್ 31', ಕೆಲಸ ಬಿಟ್ಟು ಹೋದವರ ಹೆಸರು, ಒಂದರಲ್ಲಿ ಯಾರದೋ ಮನೆ ಮೊಬೈಲ್ ನಂಬರು. ಇವನ್ನು ಮರೆಯದೆ ತೆಗೆಯಿರಿ.

ಇನ್ನು ಒಳಗಿನ ಕಸ. ಕರೆ ಬಂದದ್ದು ಹೋದದ್ದರ ಪಟ್ಟಿ, ಫೋನ್‌ಬುಕ್ಕು, ಸರ್ವರಿಗೆ ಲಾಗಿನ್ ಆಗುವ ಪಾಸ್‌ವರ್ಡು, ಎಲ್ಲಾ ಐಪಿ ಫೋನಿನಲ್ಲೇ ಕೂತಿರುತ್ತದೆ. ನಮ್ಮವು ಯೀಲಿಂಕ್ ಕಂಪನಿಯವು. ಓಕೆ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದರೆ ಫ್ಯಾಕ್ಟರಿ ರೀಸೆಟ್ ಮಾಡಲೇ ಅಂತ ಕೇಳುತ್ತದೆ. ಮೊದಲ ದಿನ ಎಂಟು ಫೋನು ರೀಸೆಟ್ ಮಾಡಿದೆ, ಎಂಟೂ ಎರಡು ನಿಮಿಷದಲ್ಲಿ ಹಳೇ ಎಕ್ಸ್‌ಟೆನ್ಷನ್ ನಂಬರು ತೋರಿಸುತ್ತಾ ಎದ್ದವು. ಯಾಕೆಂದರೆ ಅವನ್ನು ಸಿಕ್ಕಿಸಿದ್ದು ನಮ್ಮ ಆಫೀಸಿನ ನೆಟ್‌ವರ್ಕಿಗೇ. ಫೋನು ಎದ್ದ ಕೂಡಲೇ ಐಪಿ ವಿಳಾಸ ಕೇಳುತ್ತದೆ, ಅದರ ಜೊತೆಗೇ 'ನಿನ್ನ ಸೆಟ್ಟಿಂಗ್ ಇಂಥ ಸರ್ವರಿನಲ್ಲಿದೆ' ಅನ್ನುವ ಉತ್ತರವೂ ಸಿಗುತ್ತದೆ. ಒರೆಸಿದ ಹಲಗೆ ಮೇಲೆ ನಾವೇ ಮತ್ತೆ ಬರೆದಂತಾಯಿತು. ಆಮೇಲೆ ಯಾವುದಕ್ಕೂ ಕನೆಕ್ಟ್ ಇಲ್ಲದ ಒಂದು ಬಿಡಿ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಫೋನಿಗೆ ಕರೆಂಟೂ ಕೊಡುವ ಡಬ್ಬ) ತಂದಿಟ್ಟು ಎಲ್ಲವನ್ನೂ ಹೊಸದಾಗಿ ರೀಸೆಟ್ ಮಾಡಿದೆ. ಮೂರು ಏಳಲೇ ಇಲ್ಲ. ಉಳಿದದ್ದು 25.

ಆರು ಫೋನು ಕ್ಯಾತಸಂದ್ರದ ಟ್ಯುಟೋರಿಯಲ್ಲಿನವರು ತಗೊಂಡರು, ಒಂದಕ್ಕೆ 1,100ರಂತೆ. ಸಣ್ಣ ಜಾಗಗಳಲ್ಲಿ ಪಿಒಇ ಸ್ವಿಚ್ ಇರಲ್ಲ, ಹಾಗಾಗಿ ಅಡಾಪ್ಟರ್ ಕೊಡಲೇಬೇಕು. ಫೋನಿನ ಹಿಂದೆ ಬರೆದಿರುವ ವೋಲ್ಟೇಜ್ ನೋಡಿ ತರಬೇಕು, ನಮ್ಮವಕ್ಕೆ 5 ವೋಲ್ಟ್. ರೌಟರಿನ 12 ವೋಲ್ಟ್ ಅಡಾಪ್ಟರ್ ಕೈಗೆ ಸಿಕ್ಕಿತು ಅಂತ ಚುಚ್ಚಿದರೆ ಫೋನ್ ಕಥೆ ಮುಗಿಯಿತು.

ಮಾರನೇ ದಿನ ಟ್ಯುಟೋರಿಯಲ್ಲಿನವರಿಂದ ಕರೆ. "ಸಾರ್, ಇದೇನು ನಿಮ್ಮ ಕಂಪನಿ ಹೆಸರೇ ಬರ್ತಾ ಇದೆ?" ಹೋಗಿ ನೋಡಿದೆ. ನಿಜ, ಪರದೆ ಮೇಲೆ ನಮ್ಮ ಡಿಸ್ಪ್ಯಾಚ್ ಸೆಕ್ಷನ್ನು! ರೀಸೆಟ್ ಆದ ಫೋನು ಮೊದಲ ಸಲ ಇಂಟರ್ನೆಟ್ ಕಂಡಾಗ ತಯಾರಕರ ಸರ್ವರನ್ನು ಕೇಳುತ್ತದೆ. ಅಲ್ಲಿ ಈ ಫೋನಿನ ಮ್ಯಾಕ್ ಅಡ್ರೆಸ್ಸು (ಒಂದೊಂದು ಫೋನಿಗೂ ಇರುವ ಬೇರೆ ಬೇರೆ ಗುರುತಿನ ನಂಬರು) ನಮ್ಮ ಹಳೇ ಸರ್ವಿಸ್ ಪ್ರೊವೈಡರ್ ಹೆಸರಿನಲ್ಲಿ ನೋಂದಣಿಯಾಗಿತ್ತು, ಅದು ಸೀದಾ ಅವರ ಸರ್ವರಿಗೆ ದಾರಿ ತೋರಿಸಿತು. ನನ್ನ ಬಿಡಿ ಸ್ವಿಚ್ಚಿನಲ್ಲಿ ಇಂಟರ್ನೆಟ್ಟೇ ಇರಲಿಲ್ಲವಲ್ಲ, ಅಲ್ಲಿ ಹೇಗೆ ಗೊತ್ತಾಗಬೇಕು? ಪ್ರತಿ ಫೋನಿನ ಬೆನ್ನಿನ ಬಾರ್‌ಕೋಡ್ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, 28 ಮ್ಯಾಕ್ ನಂಬರಿನ ಪಟ್ಟಿ ಪ್ರೊವೈಡರಿಗೆ ಮೇಲ್ ಹಾಕಿದೆ. ಮೂರು ದಿನ ಬೆನ್ನು ಬಿದ್ದ ಮೇಲೆ ತೆಗೆದರು. ಒಪ್ಪಂದ ಮುಗಿದ ಗಿರಾಕಿಯ ಕೆಲಸ ಯಾರಿಗೆ ಅರ್ಜೆಂಟು ಹೇಳಿ. ಹಳೇ ಲೈನ್ ನಿಲ್ಲಿಸುವ ಮೊದಲೇ, ಕೊನೇ ಬಿಲ್ ಕಟ್ಟುವ ಮೊದಲೇ, ಈ ನೋಂದಣಿ ತೆಗೆದದ್ದನ್ನು ಬರೆಸಿಕೊಳ್ಳಿ. ಉಳಿದ 19ನ್ನು ಒಂದೊಂದಾಗಿ ನಮ್ಮ ಮನೆ ಬ್ರಾಡ್‌ಬ್ಯಾಂಡಿಗೆ ಹಾಕಿ ನೋಡಿದೆ. ಬರೀ ದಿನಾಂಕ, ಸಮಯ ಬಂತು. ಹೆಸರಿಲ್ಲ.

ಆ 19 ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದೇ ಗಂಟಿನಲ್ಲಿ ಹೋದವು, 750ರಂತೆ, ಅಡಾಪ್ಟರ್ ಇಲ್ಲದೆ. ಒಎಲ್‌ಎಕ್ಸಿನಲ್ಲಿ ಇನ್ನೂರು ಮುನ್ನೂರು ಜಾಸ್ತಿ ಸಿಗುತ್ತಿತ್ತೇನೋ, ಆದರೆ 'ಲಾಸ್ಟ್ ಪ್ರೈಸ್ ಎಷ್ಟು' ಅಂತ ಕೇಳಿ ಮಾಯವಾಗುವವರಿಗೆ ಉತ್ತರ ಕೊಡುವಷ್ಟು ಬಿಡುವು ನನಗಿರಲಿಲ್ಲ. ಮಾಮೂಲಿ ಫೋನಿನಲ್ಲಿ ಚೆನ್ನಾಗಿದ್ದ 11 ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನ ರೂಮುಗಳಿಗೆ ಸೇರಿದವು. ನಾನು ಕೈಬಿಟ್ಟಿದ್ದ ಕೀ ಫೋನುಗಳನ್ನು ಇಪಿಎಬಿಎಕ್ಸ್ ರಿಪೇರಿ ಮಾಡುವವರೊಬ್ಬರು ಹುಡುಕಿಕೊಂಡು ಬಂದು ಒಯ್ದರು. ಆ ಡಬ್ಬವನ್ನು ಪ್ರೋಗ್ರಾಂ ಮಾಡಲು ಅಂಥದ್ದೊಂದು ಫೋನು ಕೈಲಿರಬೇಕಂತೆ, ಲ್ಯಾಪ್‌ಟಾಪ್ ಹೊತ್ತು ಏಣಿ ಹತ್ತುವುದಕ್ಕಿಂತ ಅದೇ ಸಲೀಸು ಅಂದರು.

ಲೆಕ್ಕದ ಮಾತು ಎರಡು. ಹಳೇದಾದರೂ ಕಂಪನಿ ಆಸ್ತಿ ತಾನೇ, ಜಿಎಸ್‌ಟಿ ಬಿಲ್ ಹಾಕಿಯೇ ಮಾರಿದೆವು. ಕೊಂಡಾಗ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯ ವಜಾ) ತೆಗೆದಿದ್ದರೂ ಐದು ವರ್ಷ ದಾಟಿದ್ದರಿಂದ ವಾಪಸ್ ಕಟ್ಟುವ ತಾಪತ್ರಯ ಬರಲಿಲ್ಲ, ಮಾರಿದ ಬೆಲೆಯ ಮೇಲೆ 18% ಮಾತ್ರ. ಸತ್ತ ಐದು ಫೋನು (ಐಪಿ ಮೂರು, ಮಾಮೂಲಿ ಎರಡು) ಇ-ತ್ಯಾಜ್ಯ, ಅವನ್ನು ಗುಜರಿಗೆ ಕೊಡದೆ ನೋಂದಾಯಿತ ರಿಸೈಕ್ಲರಿಗೆ ಕೊಟ್ಟು ರಸೀದಿ ಪಡೆದೆ.

ಕೊಡುವ ಮುಂಚೆ ಅವುಗಳ ರಿಸೀವರಿನ ಸುರುಳಿ ವೈರು ಐದನ್ನೂ ಬಿಚ್ಚಿ ಇಟ್ಟುಕೊಂಡಿದ್ದೆ. ಲಾಡ್ಜಿನವರು ಮೊನ್ನೆ ಬಂದು ಎರಡು ಕೇಳಿ ಒಯ್ದರು, ಮೂರು ಇನ್ನೂ ಡ್ರಾಯರಿನಲ್ಲಿವೆ.