ಎರಡೂವರೆ ಕೆಜಿಯೊಳಗೆ ರೆಕಾರ್ಡಿಂಗ್ ಸಾಮಾನು: ನನ್ನ ಅನುಭವ

ನನ್ನ ಕೆಲಸ ಧ್ವನಿ ರೆಕಾರ್ಡ್ ಮಾಡುವುದು. ಸಾಗರ, ಸಿದ್ದಾಪುರ, ಹೊಸನಗರದ ಕಡೆ ಮದುವೆ ಹಾಡು ಹೇಳುವ ಅಜ್ಜಿಯರು, ತಾಳಮದ್ದಲೆಯಲ್ಲಿ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವ ಹಳೇ ಅರ್ಥಧಾರಿಗಳು, ಅಪರೂಪಕ್ಕೆ ಒಬ್ಬ ನಾಟಿ ವೈದ್ಯರು, ಹೀಗೆ ಯಾರು ಮಾತಾಡಲು ಒಪ್ಪುತ್ತಾರೋ ಅವರ ಮನೆಗೆ ಹೋಗಿ ಕೂರುತ್ತೇನೆ. ಬಸ್ಸಿಳಿದ ಮೇಲೆ ನಡಿಗೆ ಇದ್ದೇ ಇರುತ್ತದೆ. ತೋಟದ ಸಂಕ ದಾಟಬೇಕು, ಮಳೆಗಾಲವಾದರೆ ಒಂದು ಕೈ ಕೊಡೆಗೇ ಹೋಯಿತು. ಹಗುರ ಲ್ಯಾಪ್‌ಟಾಪ್ ಬೇಕು ಅಂತ ತಲೆಗಿಂತ ಮೊದಲು ಬೆನ್ನು ಹೇಳಿತು.

ಮೊದಲು ಇದ್ದದ್ದು 15.6 ಇಂಚಿನ ಲ್ಯಾಪ್‌ಟಾಪ್. ಎರಡು ಕೆಜಿ ಮೇಲೆ. ಹೊಸದು ಕೊಳ್ಳುವ ಮುಂಚೆ ಚೀಲದಲ್ಲಿದ್ದ ಒಂದೊಂದು ಸಾಮಾನನ್ನೂ ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು ತೂಗಿದೆ. ಅಂಗಡಿಯವರು ‘ಇದೇನು, ಮಾರೋಕೆ ತಂದ್ರಾ?’ ಅಂತ ನಕ್ಕರು. ಲ್ಯಾಪ್‌ಟಾಪಿನ ತೂಕ ಅಂದಾಜಿತ್ತು. ಅಂದಾಜಿಲ್ಲದ್ದು ಚಾರ್ಜರಿನದು. ಇಟ್ಟಿಗೆಯಂಥ ಅಡಾಪ್ಟರು, ಅದರಿಂದ ಗೋಡೆಗೆ ಹೋಗುವ ಮೂರು ಪಿನ್ನಿನ ದಪ್ಪ ವೈರು, ಎರಡೂ ಸೇರಿ ಹತ್ತಿರ ಹತ್ತಿರ ಅರ್ಧ ಕೆಜಿ! ಜೊತೆಗೆ ಮೌಸು, ಬಳಸದೇ ಇದ್ದ ಎರಡು ಯುಎಸ್‌ಬಿ ಹಬ್, ಯಾವುದೋ ಕಾಲದ ವಿಜಿಎ ಕೇಬಲ್. ಕಂಪನಿಯವರು ಬರೆಯುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ನಾವು ಹೊರುವುದು ಮಾತ್ರ ಪೂರ್ತಿ ಚೀಲವನ್ನು, ಅಲ್ವಾ?

ಹಗುರ ಲ್ಯಾಪ್‌ಟಾಪ್ ಹೊಸ ಕಥೆಯೇನಲ್ಲ. 2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಮೊದಲ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದಾಗ ಅದರ ತೂಕ 1.36 ಕೆಜಿ. ಆಮೇಲೆ ಎಲ್‌ಜಿ ಗ್ರಾಮ್‌ನ 14 ಇಂಚಿನ ಮಾಡೆಲ್ 999 ಗ್ರಾಂನಲ್ಲೂ ಬಂತು. ಒಂದು ಕೆಜಿಗಿಂತ ಕಡಿಮೆ ತೂಗುವ ಇನ್ನೊಂದು ಕಂಪನಿಯದನ್ನು ಗೆಳೆಯನಿಂದ ಕಡ ತಂದು ಒಂದಷ್ಟು ದಿನ ಓಡಾಡಿದೆ. ಚೀಲದಲ್ಲಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳುವಷ್ಟು ಹಗುರ. ಆದರೆ ಬಸ್ಸಿನಲ್ಲಿ ತೊಡೆ ಮೇಲಿಟ್ಟರೆ ಸ್ಕ್ರೀನ್ ಅಲ್ಲಾಡುತ್ತಲೇ ಇರುತ್ತಿತ್ತು, ಕೀಬೋರ್ಡಿನ ನಡುವೆ ಒತ್ತಿದರೆ ಬಗ್ಗುತ್ತಿತ್ತು. ತಿಂಗಳಿಗೊಮ್ಮೆ ವಿಮಾನ ಹತ್ತುವವರಿಗೆ ಅದು ಸರಿ. ಸಿದ್ದಾಪುರದ ರಸ್ತೆಗಳಿಗೆ ಸ್ವಲ್ಪ ಗಟ್ಟಿತನ ಬೇಕು.

ಕೊನೆಗೆ ಕೊಂಡದ್ದು 2020ರ ಕೊನೆಯಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. 1.29 ಕೆಜಿ. ಹಗುರ ಅಂತ ಹೇಳಿಕೊಳ್ಳುವುದರಲ್ಲಿ ಇದೇನು ದಾಖಲೆ ಅಲ್ಲ. ನನಗೆ ಬೇಕಾಗಿದ್ದದ್ದು ಅದರಲ್ಲಿ ಇಲ್ಲದ ಒಂದು ವಸ್ತು, ಫ್ಯಾನ್. ರಾತ್ರಿ ಎಂಟರ ಮೇಲೆ ಮಲೆನಾಡಿನ ಮನೆಯ ಜಗಲಿಯಲ್ಲಿ ಕೂತು ಮೈಕ್ ಆನ್ ಮಾಡಿ ನೋಡಿ. ಜೀರುಂಡೆ ಕೇಳುತ್ತದೆ, ಒಳಮನೆಯ ಗಡಿಯಾರ ಕೇಳುತ್ತದೆ. ಅಜ್ಜಿ ಒಂದು ನುಡಿ ಮುಗಿಸಿ ಮುಂದಿನದನ್ನು ನೆನಪು ಮಾಡಿಕೊಳ್ಳುವ ಆ ಮೌನದಲ್ಲಿ ಲ್ಯಾಪ್‌ಟಾಪಿನ ಫ್ಯಾನು ‘ಸುಯ್’ ಅಂತ ಶುರುವಾದರೆ ಹಾಡಿನ ಜೊತೆ ಅದೂ ದಾಖಲಾಗುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಲು ಹೋದರೆ ಅಜ್ಜಿಯ ಗಂಟಲಿನ ಗರಗರ ಕೂಡ ಜೊತೆಗೆ ಹೋಗುತ್ತದೆ. ಹಾಡಿಗೆ ಜೀವ ಇರುವುದೇ ಆ ಗರಗರದಲ್ಲಿ.

ಫ್ಯಾನ್ ಇಲ್ಲದ್ದಕ್ಕೆ ಬೆಲೆಯೂ ಇದೆ. ದೊಡ್ಡ ಕೆಲಸ ಕೊಟ್ಟರೆ ಇಂಥ ಯಂತ್ರಗಳು ಬಿಸಿಯಾಗುತ್ತವೆ, ಬಿಸಿಯಾದ ಮೇಲೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಗಂಟೆಗಟ್ಟಲೆ ವಿಡಿಯೋ ಎಡಿಟ್ ಮಾಡುವವರು ಇದರ ತಂಟೆಗೆ ಬರಬೇಡಿ. ಧ್ವನಿಯ ಕೆಲಸಕ್ಕೆ ಧಾರಾಳ ಸಾಕು. ನಾನು 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡುತ್ತೇನೆ. ಅದು ಗಂಟೆಗೆ ಒಂದು ಜಿಬಿಗಿಂತ ಚೂರು ಜಾಸ್ತಿ ಆಗುತ್ತದೆ. ಅಷ್ಟು ಫೈಲಿಗೆ ಇದು ಬೆವರುವುದೇ ಇಲ್ಲ.

ಇನ್ನೊಂದು ವಿಷಯ, ಬ್ಯಾಟರಿ. ಇದನ್ನು ಜನ ಕರೆಂಟ್ ಹೋದಾಗ ಬೇಕು ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಕರೆಂಟ್ ಹೋಗುವುದಂತೂ ಹೌದು. ಆದರೆ ಕರೆಂಟ್ ಇದ್ದಾಗಲೂ ನಾನು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಅರ್ಥಿಂಗ್ ಇರುವುದಿಲ್ಲ. ಮೂರು ಪಿನ್ ಇದ್ದರೂ ಹಳೇ ಮನೆಯ ವೈರಿಂಗಿನಲ್ಲಿ ಅರ್ಥ್ ವೈರು ಎಲ್ಲೋ ತುಂಡಾಗಿರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಕೂತು, ಬೆರಳಿನ ತುದಿಯನ್ನು ಅದರ ಅಂಚಿನ ಮೇಲೆ ಮೆಲ್ಲಗೆ ಜಾರಿಸಿ ನೋಡಿ. ಜುಮ್ ಅನ್ನುತ್ತದೆ. ಚಾರ್ಜರಿನ ಒಳಗಿರುವ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಅದೇ ಸೋರಿಕೆ ಮೈಕಿನ ವೈರಿಗೆ ನುಗ್ಗಿದರೆ ರೆಕಾರ್ಡಿಂಗಿನಲ್ಲಿ ‘ಊಂ’ ಅಂತ ಒಂದೇ ಶ್ರುತಿ ಕೂತುಬಿಡುತ್ತದೆ. ತಾಳಮದ್ದಲೆಗೆ ಹಾರ್ಮೋನಿಯಂ ಶ್ರುತಿ ಬೇಕು, ಈ ಶ್ರುತಿ ಬೇಡ! ಚಾರ್ಜರ್ ಕಿತ್ತರೆ ತಕ್ಷಣ ಮಾಯ.

ಚಾರ್ಜರ್ ಅಂದ ಮೇಲೆ ಸಾಕೆಟ್ಟಿನ ಗೋಳು ಹೇಳಲೇಬೇಕು. ಈಗಿನ ಸಣ್ಣ ಚಾರ್ಜರುಗಳಿಗೆ ಪಿನ್ನು ಮೈಗೇ ಅಂಟಿರುತ್ತದೆ. ಹಳೇ ಮನೆಗಳ ಕಪ್ಪು ಸ್ವಿಚ್‌ಬೋರ್ಡಿನಲ್ಲಿ, ರೈಲಿನ ಸಡಿಲ ಸಾಕೆಟ್ಟಿನಲ್ಲಿ ಅವು ನಿಲ್ಲುವುದಿಲ್ಲ. ತೂಕಕ್ಕೆ ಮುಂದೆ ಬಾಗಿ, ಕಿಡಿ ಹಾರಿಸಿ, ಕೆಳಗೆ ಬೀಳುತ್ತವೆ. ಏರ್ ಜೊತೆ ಬಂದ 30 ವ್ಯಾಟ್ ಚಾರ್ಜರಿನ ಪಿನ್ ಇರುವ ಮೂಲೆಯನ್ನು ಪಕ್ಕಕ್ಕೆ ಜಾರಿಸಿದರೆ ಕಳಚಿ ಬರುತ್ತದೆ. ಒಳಗೆ ಎರಡು ಕಡ್ಡಿ ಕಾಣುತ್ತವೆ. ನಮ್ಮ ಮನೆಯ ಅಟ್ಟದಲ್ಲಿ ಹಳೇ ಟೇಪ್‌ರೆಕಾರ್ಡರಿನ ವೈರು ಬಿದ್ದಿತ್ತು, ಅದೇ, ತುದಿಯಲ್ಲಿ ಇಂಗ್ಲಿಷ್ ಎಂಟರ ಆಕಾರದ ಎರಡು ತೂತು ಇರುತ್ತಿತ್ತಲ್ಲ, ಅದು ಅಲ್ಲಿ ಸರಿಯಾಗಿ ಕೂರುತ್ತದೆ. ಈಗ ಪಿನ್ನು ಸಾಕೆಟ್ಟಿನಲ್ಲಿ, ಚಾರ್ಜರು ನೆಲದ ಮೇಲೆ. ಒಂದು ರೂಪಾಯಿ ಖರ್ಚಿಲ್ಲ.

ಪವರ್‌ಬ್ಯಾಂಕ್ ಕೊಳ್ಳುವವರು ಸಣ್ಣ ಲೆಕ್ಕ ಹಾಕಿ. 10,000 ಎಂಎಎಚ್ ಅಂದರೆ ಒಳಗಿನ ಸೆಲ್ಲಿನ 3.7 ವೋಲ್ಟ್‌ಗೆ 37 ವ್ಯಾಟ್-ಅವರ್. ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯೇ 49.9. ನಡುವೆ ಸೋರಿ ಹೋಗುವುದು ಬೇರೆ. ಒಂದು ಸಲವೂ ಪೂರ್ತಿ ತುಂಬುವುದಿಲ್ಲ, ಮತ್ತು ಅದಕ್ಕೆ ಪವರ್ ಡೆಲಿವರಿ (ಲ್ಯಾಪ್‌ಟಾಪಿಗೆ ಸಾಕಾಗುವಷ್ಟು ಕರೆಂಟ್ ಕೊಡುವ ವ್ಯವಸ್ಥೆ) ಇರುವ ಟೈಪ್-ಸಿ ಔಟ್‌ಪುಟ್ ಬೇಕೇ ಬೇಕು. ನಾನಂತೂ ಒಂದು ಚಿಕ್ಕದನ್ನು ಫೋನಿಗೆ ಅಂತ ಮಾತ್ರ ಇಟ್ಟುಕೊಂಡಿದ್ದೇನೆ.

ಇನ್ನು ಕಿವಿಯ ಕಡೆಗೆ ಬರೋಣ. ಬ್ಲೂಟೂತ್ ಇಯರ್‌ಬಡ್ ನನ್ನ ಹತ್ತಿರವೂ ಇದೆ, ಬಸ್ಸಿನಲ್ಲಿ ಹಾಡು ಕೇಳಲು ಅದನ್ನೇ ಹಾಕುತ್ತೇನೆ. ಐರಾವತದ ಇಂಜಿನ್ನಿನ ಗುಂಯ್ ಶಬ್ದವನ್ನು ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ನುಂಗುತ್ತದೆ. ಒಂದೇ ಸಮ ಬರುವ ತಗ್ಗು ಶಬ್ದ ಅದಕ್ಕೆ ಸುಲಭ. ಹಾರ್ನು, ಮಗುವಿನ ಅಳು, ಹಿಂದಿನ ಸೀಟಿನವರ ಫೋನ್ ಮಾತು, ಇವು ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಆದರೆ ಕೆಲಸಕ್ಕೆ ಕೂತ ಮೇಲೆ ಬ್ಲೂಟೂತ್ ಡಬ್ಬಿಯೊಳಗೆ ಹೋಗುತ್ತದೆ. ಶಬ್ದ ಕಿವಿಗೆ ಬರುವುದು ತಡ. ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವು ಸಲ ಕಾಲು ಸೆಕೆಂಡಿನ ಹತ್ತಿರ. ಹಾಡು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಎರಡು ಪದಗಳ ನಡುವಿನ ಉಸಿರನ್ನು ಕತ್ತರಿಸುವವನಿಗೆ ಸ್ಕ್ರೀನಿನಲ್ಲಿ ಗೆರೆ ಒಂದು ಕಡೆ, ಕಿವಿಯಲ್ಲಿ ಉಸಿರು ಇನ್ನೊಂದು ಕಡೆ.

ಅದರ ಮೈಕಿನ ಕಥೆ ಇನ್ನೂ ಕೆಟ್ಟದ್ದು. ಮಾಮೂಲಿ ಬ್ಲೂಟೂತಿನಲ್ಲಿ ಇಯರ್‌ಬಡ್ಡಿನ ಮೈಕ್ ಆನ್ ಆದ ಕೂಡಲೇ ಅದು ಹಾಡಿನ ಮೋಡ್ ಬಿಟ್ಟು ಫೋನ್ ಕರೆಯ ಮೋಡಿಗೆ ಜಾರುತ್ತದೆ. ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆಯುತ್ತದೆ ಅನ್ನುವುದು, 16 ಕಿಲೋಹರ್ಟ್ಸ್, ಹಳೇದಾದರೆ ಬರೀ 8. ಅಂದರೆ ಕೇಳುವುದು ಅದರ ಅರ್ಧದಷ್ಟು, 8 ಅಥವಾ 4 ಕಿಲೋಹರ್ಟ್ಸ್‌ವರೆಗೆ ಮಾತ್ರ. ‘ಸ’ ಅಕ್ಷರದ ಜೋರು ಹೆಚ್ಚಾಗಿ ಇರುವುದೇ 4ರ ಮೇಲೆ. 4 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದರೆ ‘ಸರ’ ಯಾವುದು ‘ಶರ’ ಯಾವುದು ಅಂತ ಸಂದರ್ಭ ನೋಡಿ ಊಹಿಸಬೇಕು. ಭೀಷ್ಮಪರ್ವದ ಅರ್ಥ ಹೇಳುವವರ ಮುಂದೆ ಇಂಥ ಮೈಕ್ ಇಡುವುದು ನ್ಯಾಯವಲ್ಲ.

ಹಾಗಾಗಿ ನನ್ನದು ವೈರಿನ ಹೆಡ್‌ಫೋನ್, ಸೋನಿ ಎಂಡಿಆರ್-7506. 1991ರಿಂದ ಬರುತ್ತಿರುವ ಮಾಡೆಲ್. ವೈರು ಬಿಟ್ಟು 230 ಗ್ರಾಂ. ಸುರುಳಿ ವೈರು ಸ್ವಲ್ಪ ಭಾರವೇ, ಅದನ್ನು ಒಪ್ಪಿಕೊಂಡಿದ್ದೇನೆ. ಕಿವಿ ಮುಚ್ಚುವುದರಿಂದ ಒಳಗಿನ ಶಬ್ದ ಮೈಕಿಗೆ ಸೋರುವುದಿಲ್ಲ. ಇದನ್ನು ಹಾಕಿಕೊಂಡ ಮೇಲೆ ಮನೆಯೊಂದು ಎಷ್ಟು ಸದ್ದು ಮಾಡುತ್ತದೆ ಅಂತ ಗೊತ್ತಾಗುತ್ತದೆ. ಸೀಲಿಂಗ್ ಫ್ಯಾನ್, ಶೀಟಿನ ಮೇಲೆ ಹನಿ, ಅಡುಗೆಮನೆಯ ಫ್ರಿಜ್ಜು. ಮನೆಯವರನ್ನು ಕೇಳಿ ಫ್ರಿಜ್ ಆರಿಸಿದರೆ ಮತ್ತೆ ಹಾಕಲು ಮರೆಯಬಾರದಲ್ಲ, ಅದಕ್ಕೆ ನನ್ನ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡುತ್ತೇನೆ. ಈ ಕೆಲಸದಲ್ಲಿರುವವರೆಲ್ಲ ಮಾಡುವ ಉಪಾಯ ಇದು. ಬೀಗದ ಕೈ ತೆಗೆಯದೆ ಮನೆಗೆ ಹೋಗುವ ಹಾಗಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡುವವರಿಗೆ ಎರಡು ಮಾತು. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕ್ ಕೈಬಿಟ್ಟಿತು, ಉಳಿದವರಲ್ಲೂ ಹಲವರು ಒಬ್ಬೊಬ್ಬರಾಗಿ ಬಿಟ್ಟರು. ಅಂಥ ಫೋನಿಗೆ ಈಗ ಟೈಪ್-ಸಿಯಿಂದ 3.5 ಎಂಎಂ ಮಾಡುವ ಗಿಡ್ಡ ವೈರು ಬೇಕು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ರಾಶಿ ರಾಶಿ ಸಿಗುತ್ತವೆ, ನೋಡಲು ಎಲ್ಲ ಒಂದೇ ಥರ. ಆದರೆ ಜಾತಿ ಎರಡು. ಒಂದರೊಳಗೆ ಡಿಜಿಟಲ್ಲನ್ನು ಶಬ್ದವಾಗಿಸುವ ಡ್ಯಾಕ್ ಚಿಪ್ ಇರುತ್ತದೆ, ಇನ್ನೊಂದು ಬರೀ ವೈರು, ಶಬ್ದವನ್ನು ಫೋನೇ ಕೊಡಬೇಕು. ಎಷ್ಟೋ ಫೋನುಗಳು ಕೊಡುವುದಿಲ್ಲ. ಕಂಡುಹಿಡಿಯುವುದು ಸುಲಭ. ಲ್ಯಾಪ್‌ಟಾಪಿನ ಟೈಪ್-ಸಿಗೆ ಸಿಕ್ಕಿಸಿ ಸೌಂಡ್ ಸೆಟ್ಟಿಂಗ್ಸ್ ತೆಗೆಯಿರಿ. ಪಟ್ಟಿಯಲ್ಲಿ ಹೊಸ ಹೆಸರು ಬಂದರೆ ಚಿಪ್ ಇದೆ. ಬರದಿದ್ದರೆ ವಾಪಸ್ ಕೊಡಿ.

ಕಾಲರ್ ಮೈಕ್ ತೆಗೆದುಕೊಳ್ಳುವಾಗ ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರಿದ್ದರೆ ಫೋನಿನದು, ಎರಡಿದ್ದರೆ ಕ್ಯಾಮೆರಾ ಅಥವಾ ರೆಕಾರ್ಡರಿನದು. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಹಾಕಿದರೆ ಪಿನ್ನು ಒಳಗೆ ಹೋಗುತ್ತದೆ, ಆದರೆ ಧ್ವನಿ ಬರುವ ಭರವಸೆ ಇಲ್ಲ. ನಡುವೆ ಹಾಕುವ ಸಣ್ಣ ಕನ್ವರ್ಟರ್ ಸಿಗುತ್ತದೆ, ಅದನ್ನು ಮೈಕಿನ ವೈರಿಗೇ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಡಿ. ಬೇರೆ ಎಲ್ಲಿಟ್ಟರೂ ಕಳೆದುಹೋಗುವ ವಸ್ತು ಅದು.

ಮೈಕನ್ನು ನೇರ ಲ್ಯಾಪ್‌ಟಾಪಿಗೆ ಹಾಕದ ಕಡೆ ನನ್ನ ಮುಖ್ಯ ರೆಕಾರ್ಡರು ಜೂಮ್ ಎಚ್1ಎನ್. ಸೆಲ್ ಬಿಟ್ಟು 60 ಗ್ರಾಂ, ಎರಡು ಎಎಎ ಸೆಲ್ ಸಾಕು, ಅವು ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಕೈಲಿ ಹಿಡಿದರೆ ಬೆರಳಿನ ಸದ್ದು ಬರುತ್ತದೆ ಅಂತ ಮಡಿಸಿದ ಟವೆಲ್ ಮೇಲೆ ಇಡುತ್ತೇನೆ. ರಾತ್ರಿ ಫೈಲುಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಕೇಳುತ್ತಾ ಹಾಡಿನ ಸಾಲುಗಳನ್ನು ಟೈಪ್ ಮಾಡುತ್ತೇನೆ. ಮ್ಯಾಕಿನಲ್ಲಿ ಕನ್ನಡದ ಕೀಬೋರ್ಡು ಮೊದಲೇ ಇರುತ್ತದೆ, ಅಕ್ಷರಗಳೂ ಚೆನ್ನಾಗಿವೆ. ‘ನುಡಿ’ ತಂತ್ರಾಂಶದಲ್ಲೇ ಕೈ ಕುದುರಿದವರಿಗೆ ಮಾತ್ರ ಕಷ್ಟ, ಅದು ವಿಂಡೋಸಿಗೆ ಮಾಡಿದ್ದು. ನಾನು ಯೂನಿಕೋಡಿನಲ್ಲೇ ಬರೆದು ಕಳಿಸುತ್ತೇನೆ, ಹಳೇ ಫಾಂಟು ಬೇಕಾದವರು ಪರಿವರ್ತಕ ಬಳಸಿಕೊಳ್ಳುತ್ತಾರೆ.

ಎಲ್ಲ ಸೇರಿಸಿ ಮತ್ತೆ ಅದೇ ಅಂಗಡಿಯಲ್ಲಿ ತೂಗಿದಾಗ ಚೀಲ ಬಿಟ್ಟು ಎರಡೂವರೆ ಕೆಜಿ ದಾಟಲಿಲ್ಲ. ಹೊಸದಾಗಿ ಶುರು ಮಾಡುವವರ ಹತ್ತಿರ ದುಡ್ಡು ಕಡಿಮೆ ಇದ್ದರೆ ಮೊದಲು ವೈರಿನ ಹೆಡ್‌ಫೋನ್ ತೆಗೆದುಕೊಳ್ಳಿ, ಆಮೇಲೆ ಕಾಲರ್ ಮೈಕು. ಅಲ್ಲಿಯವರೆಗೆ ಫೋನಿನಲ್ಲೇ ರೆಕಾರ್ಡ್ ಮಾಡಿ, ಇರುವ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಹೋಗಿ. ಹಗುರದ್ದು ಕೊನೆಗೆ ಬಂದರೂ ನಡೆಯುತ್ತದೆ.