ಮೂರು ದಿನದ ಅಖಾಡ: ವಿಶೇಷ ನಿಯಮದ ಸ್ಮ್ಯಾಷ್ ವಿಡಿಯೊ ಗೇಮ್ ಟೂರ್ನಿಗೆ ತಯಾರಾಗುವುದು ಹೇಗೆ?

ಬಾಬ್-ಆಂಬ್ ಎಂಬ ಪುಟ್ಟ ಕಪ್ಪು ಬಾಂಬು ನನ್ನ ಕೈಯಲ್ಲಿತ್ತು. ಎದುರಾಳಿ ಅಖಾಡದ ಇನ್ನೊಂದು ತುದಿಯಲ್ಲಿ ಸುಮ್ಮನೆ ನಿಂತಿದ್ದ. ಗುರಿಯಿಟ್ಟು ಎಸೆದೆ. ಅವನು ಆರಿಸಿಕೊಂಡಿದ್ದ ಪಾತ್ರ ವಿಲೇಜರ್. ಹಾರಿಬಂದ ಬಾಂಬನ್ನು ಆ ಪಾತ್ರ ಹಾಗೆಯೇ ಹಿಡಿದು ಜೇಬಿಗೆ ಇಳಿಸಿತು. ನಾನು ಗಾಬರಿಯಿಂದ ಹಿಂದಕ್ಕೆ ಜಿಗಿದು ನೆಲಕ್ಕಿಳಿಯುವ ಹೊತ್ತಿಗೆ ಅದೇ ಬಾಂಬು ಜೇಬಿನಿಂದ ಹೊರಬಂದು ನನ್ನ ಮೇಲೆಯೇ ಸಿಡಿಯಿತು. ವಾರಗಟ್ಟಲೆ ಅಭ್ಯಾಸ ಮಾಡಿದ್ದ ಪಟ್ಟುಗಳಲ್ಲಿ ಒಂದೂ ಆ ಪಂದ್ಯದಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ವಸ್ತುಗಳು ಮಳೆಯಂತೆ ಬೀಳುವ ನಿಯಮದ ಟೂರ್ನಿ. ನಾನು ಆ ನಿಯಮವನ್ನು ಓದಿದ್ದೆ, ಅದರ ಮೇಲೆ ಯೋಚನೆ ಮಾಡಿರಲಿಲ್ಲ. ಎದುರಾಳಿ ಯೋಚಿಸಿಯೇ ಬಂದಿದ್ದ.

‘ಸೂಪರ್ ಸ್ಮ್ಯಾಷ್ ಬ್ರದರ್ಸ್ ಅಲ್ಟಿಮೇಟ್’ ಆಟದ ಆನ್‌ಲೈನ್ ವಿಭಾಗದಲ್ಲಿ ಆಗಾಗ ನಡೆಯುವ ಇಂಥ ವಿಶೇಷ ಟೂರ್ನಿಗಳ ಬಗ್ಗೆ ನನಗೆ ತುಂಬ ಪ್ರೀತಿ. ಸಾಮಾನ್ಯ ಪಂದ್ಯಗಳಲ್ಲಿ ವರ್ಷಗಟ್ಟಲೆ ಒಂದೇ ಪಾತ್ರವನ್ನು ಅರೆದು ಕುಡಿದವರದೇ ಮೇಲುಗೈ. ವಿಶೇಷ ಟೂರ್ನಿಯಲ್ಲಿ ನಿಯಮ ಬದಲಾಗುತ್ತದೆ, ಅಖಾಡದ ಲೆಕ್ಕಾಚಾರವೂ ಬದಲಾಗುತ್ತದೆ. ಸರಿಯಾಗಿ ತಯಾರಾದ ಹೊಸಬರಿಗೆ ಹಳಬರನ್ನು ಮಣಿಸುವ ನಿಜವಾದ ಅವಕಾಶ ಇಲ್ಲಿದೆ. ಆ ತಯಾರಿಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಆಟದ ಪರಿಚಯ ಇಲ್ಲದವರಿಗೆ ಮೊದಲು ನಾಲ್ಕು ಮಾತು. ಈ ಸರಣಿ ಶುರುವಾದದ್ದು 1999ರ ಜನವರಿಯಲ್ಲಿ, ಜಪಾನಿನಲ್ಲಿ, ನಿಂಟೆಂಡೊ 64 ಯಂತ್ರಕ್ಕಾಗಿ. ಅಲ್ಟಿಮೇಟ್ ಬಂದದ್ದು 2018ರ ಡಿಸೆಂಬರ್ 7ರಂದು, ನಿಂಟೆಂಡೊ ಸ್ವಿಚ್‌ಗೆ. ನಿರ್ದೇಶಕರು ಮಸಾಹಿರೊ ಸಕುರಾಯ್. ಬೇರೆ ಬೇರೆ ಆಟಗಳ ನಾಯಕ ನಾಯಕಿಯರು ಒಂದೇ ಅಖಾಡಕ್ಕೆ ಇಳಿಯುವುದು ಇದರ ವಿಶೇಷ. ಒಂದು ಕಾಲದಲ್ಲಿ ಪೈಪೋಟಿಯ ಎರಡು ಕಂಪನಿಗಳ ಮುಖವಾಗಿದ್ದ ಮಾರಿಯೊ ಮತ್ತು ಸೋನಿಕ್ ಇಲ್ಲಿ ಎದುರುಬದುರು ನಿಲ್ಲುತ್ತಾರೆ. ಪ್ಯಾಕ್-ಮ್ಯಾನ್, ರ್‍ಯೂ, ಕ್ಲೌಡ್, ಮೈನ್‌ಕ್ರಾಫ್ಟ್‌ನ ಸ್ಟೀವ್ ಎಲ್ಲರೂ ಇದ್ದಾರೆ. 2021ರ ಅಕ್ಟೋಬರ್ 18ರಂದು ಸೋರಾ ಸೇರಿದ ಮೇಲೆ ಪಾತ್ರಗಳ ಪಟ್ಟಿ 89ಕ್ಕೆ ನಿಂತಿತು. ಆನ್‌ಲೈನ್ ಟೂರ್ನಿ ಎಂಬ ವಿಭಾಗ ಸೇರಿದ್ದು 2019ರ ಮೇ ಅಂತ್ಯದಲ್ಲಿ ಬಂದ 4.0.0 ಪರಿಷ್ಕರಣೆಯೊಂದಿಗೆ. ವಿಶೇಷ ಟೂರ್ನಿ ಸಾಮಾನ್ಯವಾಗಿ ಮೂರು ದಿನ, ವಾರಾಂತ್ಯಕ್ಕೆ ಹೊಂದಿಕೊಂಡಂತೆ ನಡೆಯುತ್ತದೆ. ಆಮೇಲೆ ಆ ನಿಯಮ ಮಾಯವಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಬೇರೆ ಹೊಡೆದಾಟದ ಆಟಗಳಲ್ಲಿ ಪ್ರಾಣದ ಪಟ್ಟಿ ಖಾಲಿಯಾದರೆ ಸೋಲು. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ. ಪೆಟ್ಟು ಬಿದ್ದಂತೆಲ್ಲ ಶೇಕಡಾ ಅಂಕ ಏರುತ್ತದೆ. ಅಂಕ ಏರಿದಷ್ಟೂ ಮುಂದಿನ ಪೆಟ್ಟಿಗೆ ಹೆಚ್ಚು ದೂರ ಚಿಮ್ಮುತ್ತೀರಿ. ಪರದೆಯಾಚೆಯ ಗಡಿ ದಾಟಿ ಹೊರಬಿದ್ದರೆ ಒಂದು ಜೀವ ಹೋಯಿತು. ಭಾರದ ಪಾತ್ರ ಕಡಿಮೆ ಚಿಮ್ಮುತ್ತದೆ, ಹಗುರದ್ದು ಹೆಚ್ಚು. ಬೌಸರ್ ಎಲ್ಲರಿಗಿಂತ ಭಾರ, ಪಿಚು ಎಲ್ಲರಿಗಿಂತ ಹಗುರ. ವಿಶೇಷ ನಿಯಮಗಳು ಹೆಚ್ಚಾಗಿ ಕೈಹಾಕುವುದು ಈ ಲೆಕ್ಕಕ್ಕೇ.

ಮೊದಲ ಹೆಜ್ಜೆ: ನಿಯಮವನ್ನು ಬಿಡಿಸಿ ಓದಿ

ಟೂರ್ನಿಯ ಪ್ರಕಟಣೆಯಲ್ಲಿ ಒಂದು ಆಕರ್ಷಕ ಹೆಸರು, ಒಂದು ಚಿತ್ರ, ಕೆಳಗೆ ನಾಲ್ಕಾರು ಸಾಲಿನ ವಿವರ ಇರುತ್ತದೆ. ಕಣ್ಣು ಚಿತ್ರದ ಮೇಲೆ ಹೋಗುತ್ತದೆ, ಪಂದ್ಯ ನಿರ್ಧಾರವಾಗುವುದು ಆ ಸಣ್ಣ ಸಾಲುಗಳಲ್ಲಿ. ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಒಂದು ಜೀವ ಹೇಗೆ ಹೋಗುತ್ತದೆ? ಒಂದು ಪಂದ್ಯ ಎಷ್ಟು ಹೊತ್ತು? ಅಖಾಡದಲ್ಲಿ ಆಟಗಾರರ ಹೊರತು ಇನ್ನೇನಿದೆ?

ಮೊದಲ ಪ್ರಶ್ನೆಯೇ ಎಷ್ಟೋ ಸಲ ಎಲ್ಲವನ್ನೂ ಹೇಳಿಬಿಡುತ್ತದೆ. ಸ್ಟ್ಯಾಮಿನಾ ಪಂದ್ಯವನ್ನೇ ನೋಡಿ. ಅಲ್ಲಿ ಶೇಕಡಾ ಅಂಕದ ಬದಲು ನಿಗದಿತ ಪ್ರಾಣಾಂಕವಿರುತ್ತದೆ, ಅದು ಸೊನ್ನೆಗಿಳಿದರೆ ಕಥೆ ಮುಗಿಯಿತು. ಹಾಗಾದರೆ ಎದುರಾಳಿಯನ್ನು ಗಡಿಯಾಚೆ ಚಿಮ್ಮಿಸಲೇಬೇಕು ಎಂಬ ಒತ್ತಡ ಇಲ್ಲ. ಚಿಮ್ಮದೆ ನಿಲ್ಲುವ ಬೌಸರ್‌ನ ಭಾರಕ್ಕೆ ಮೊದಲಿನ ಬೆಲೆ ಉಳಿಯುವುದಿಲ್ಲ, ಅವನ ದೊಡ್ಡ ಮೈಗೆ ಪೆಟ್ಟು ತಗಲುವುದು ಮಾತ್ರ ಅಷ್ಟೇ ಸುಲಭ. ಒಂದರ ಹಿಂದೆ ಒಂದು ಸಣ್ಣ ಪೆಟ್ಟು ಕೊಡುತ್ತಾ ಹೋಗುವ ಚುರುಕಿನ ಪಾತ್ರಗಳಿಗೆ ಇಲ್ಲಿ ಸುಗ್ಗಿ. ಎಲ್ಲರ ಗಾತ್ರವೂ ಕುಗ್ಗುವ ನಿಯಮದಲ್ಲಿ ಇದು ತಿರುವುಮುರುವು: ಮೈ ಕುಗ್ಗಿದಂತೆ ಪಾತ್ರಗಳು ಬೇಗ ಚಿಮ್ಮುತ್ತವೆ, ಒಂದು ಸರಿಯಾದ ಪೆಟ್ಟು ಸಾಕಾಗುತ್ತದೆ.

ಎರಡನೆಯ ಪ್ರಶ್ನೆ ಸಮಯದ್ದು. ಅವಧಿ ಕಡಿಮೆ ಇದ್ದಾಗ ಮೊದಲು ಮುನ್ನಡೆ ಪಡೆದವರು ಕಾಯುತ್ತಾ ನಿಲ್ಲಬಹುದು, ಹಿಂದೆ ಬಿದ್ದವರು ಮುನ್ನುಗ್ಗಲೇಬೇಕು. ಆದ್ದರಿಂದ ಮೊದಲ ಅರ್ಧ ನಿಮಿಷಕ್ಕೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಪಾತ್ರ ಆರಿಸುವುದು

ಹೊಸಬರು ಎಡವುವುದು ಇಲ್ಲೇ. ನೆಚ್ಚಿನ ಪಾತ್ರವನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಆದರೆ ಎಷ್ಟೋ ವಿಶೇಷ ಟೂರ್ನಿಗಳಲ್ಲಿ ಒಂದು ನಿರ್ದಿಷ್ಟ ಗುಂಪಿನ ಪಾತ್ರಗಳಿಗೆ ಮಾತ್ರ ಪ್ರವೇಶ. ಆಗ ಮೂರು ದಿನದೊಳಗೆ ಕೈಗೆ ಒಗ್ಗುವ ಪಾತ್ರ ಯಾವುದು ಎಂದು ನೋಡಬೇಕೇ ಹೊರತು ಅತಿ ಬಲಶಾಲಿ ಯಾವುದು ಎಂದಲ್ಲ.

‘ಫೈರ್ ಎಂಬ್ಲೆಮ್’ ಬಳಗದ ಕತ್ತಿವರಸೆಯ ಪಾತ್ರಗಳನ್ನೇ ಹತ್ತಿರದಿಂದ ನೋಡೋಣ. ಮಾರ್ಥ್ ಮತ್ತು ಲೂಸಿನಾ ಮೇಲ್ನೋಟಕ್ಕೆ ಅವಳಿಗಳಂತೆ. ಓಟ, ಜಿಗಿತ, ಕತ್ತಿ ಬೀಸುವ ರೀತಿ ಬಹುಪಾಲು ಒಂದೇ. ವ್ಯತ್ಯಾಸ ಕತ್ತಿಯಲ್ಲಿದೆ. ಮಾರ್ಥ್‌ನ ಕತ್ತಿಯ ತುದಿ ತಗುಲಿದರೆ ಪೆಟ್ಟು ಬಲು ಜೋರು, ನಡುಭಾಗ ತಗುಲಿದರೆ ಸಾಧಾರಣ. ಎದುರಾಳಿ ಒಂದು ಹೆಜ್ಜೆ ಹತ್ತಿರ ಬಂದರೂ ನಿಮ್ಮ ಹೊಡೆತದ ಅರ್ಧ ಬಲ ಸೋರಿಹೋದಂತೆ ಅನಿಸುತ್ತದೆ. ಆ ದೂರವನ್ನು ಕಣ್ಣಳತೆಯಲ್ಲಿ ಹಿಡಿಯುವುದಕ್ಕೆ ತಿಂಗಳುಗಳು ಬೇಕು. ಲೂಸಿನಾಳ ಕತ್ತಿಗೆ ಹಿಡಿಯಿಂದ ತುದಿಯವರೆಗೂ ಒಂದೇ ಬಲ. ಎಲ್ಲಿ ತಗುಲಿದರೂ ಸರಿ. ಮೂರು ದಿನದ ಟೂರ್ನಿಗೆ ಹೊಸಬರು ಕಣ್ಣುಮುಚ್ಚಿ ಲೂಸಿನಾಳನ್ನು ಆರಿಸಿಕೊಳ್ಳಲಿ ಎಂದೇ ನನ್ನ ಸಲಹೆ.

ರಾಯ್ ಮತ್ತು ಕ್ರೋಮ್ ಜೋಡಿಯಲ್ಲೂ ಇಂಥದ್ದೇ ಸಂಬಂಧ, ಆದರೆ ತಲೆಕೆಳಗು. ರಾಯ್‌ನ ಬಲ ಕತ್ತಿಯ ಹಿಡಿಯ ಬಳಿ ಇದೆ, ಮೈಗೆ ಮೈ ತಾಗಿಸಿ ಹೋರಾಡುವವರಿಗೆ ಅವನು. ಕ್ರೋಮ್‌ನ ಕತ್ತಿಗೆ ಲೂಸಿನಾಳಂತೆ ಸಮಬಲ. ಹಾಗಾದರೆ ಕ್ರೋಮ್ ಕೂಡ ಸುಲಭವಲ್ಲವೇ ಎಂದರೆ, ಅಲ್ಲ. ಅಖಾಡದಿಂದ ಹೊರಗೆ ಚಿಮ್ಮಿದಾಗ ವಾಪಸು ಬರಲು ಅವನಿಗಿರುವ ಪಟ್ಟು ಮೇಲಕ್ಕೇರಿ ಹಾಗೆಯೇ ಕೆಳಗಿಳಿಯುತ್ತದೆ, ಅಡ್ಡಕ್ಕೆ ಸಾಗುವುದು ಬಹಳ ಕಡಿಮೆ. ಅಂಚಿಗೆ ಇನ್ನೊಂದು ಮಾರು ದೂರ ಇರುವಾಗಲೇ ಪಾತಾಳಕ್ಕೆ ಬೀಳುವ ಸಂಕಟ ಅನುಭವಿಸಿದವರಿಗೇ ಗೊತ್ತು. ರಾಬಿನ್‌ನ ಮಂತ್ರಪುಸ್ತಕಗಳೂ ಮಿಂಚಿನ ಕತ್ತಿಯೂ ಬಳಸಿದಂತೆ ಸವೆದು ಮುಗಿಯುತ್ತವೆ, ಮತ್ತೆ ದಕ್ಕಲು ಕಾಯಬೇಕು. ಆ ಲೆಕ್ಕ ಇಟ್ಟುಕೊಂಡೇ ಆಡುವುದು ಹೊಸಬರಿಗೆ ಹೊರೆ.

ಇದೇ ಕಾರಣಕ್ಕೆ ರ್‍ಯೂ, ಕೆನ್, ಟೆರ್ರಿ, ಕಝುಯಾ ಇವರನ್ನು ಟೂರ್ನಿಯ ಹಿಂದಿನ ರಾತ್ರಿ ಕಲಿಯಲು ಹೋಗಬೇಡಿ. ಅವರ ಮುಖ್ಯ ಪಟ್ಟುಗಳ ಪೂರ್ಣ ಬಲ ಸಿಗಬೇಕಾದರೆ ಕಂಟ್ರೋಲರ್‌ನ ಕಡ್ಡಿಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಗುಂಡಿ ಒತ್ತಬೇಕು, ಅದು ಬೆರಳಿಗೆ ಇಳಿಯಲು ಕಾಲ ಬೇಕು.

ವಸ್ತುಗಳು ಸುರಿಯುವ ನಿಯಮವಿದ್ದರೆ ಹೊಡೆತಕ್ಕಿಂತ ತಡೆ ನೋಡಿ ಪಾತ್ರ ಆರಿಸಿ. ಜೇಬಿಗಿಳಿಸುವ ವಿದ್ಯೆ ವಿಲೇಜರ್ ಮತ್ತು ಇಸಬೆಲ್ ಇಬ್ಬರಿಗೂ ಇದೆ. ಎಸೆದದ್ದನ್ನು ಎಸೆದವರ ಕಡೆಗೇ ತಿರುಗಿಸುವ ಫಾಕ್ಸ್‌ನ ಪ್ರತಿಫಲಕವೂ ಒಳ್ಳೆಯದು. ನನ್ನನ್ನು ಸೋಲಿಸಿದ ಎದುರಾಳಿ ಪಂದ್ಯ ಶುರುವಾಗುವ ಮುನ್ನ, ಪಾತ್ರ ಆರಿಸುವ ಪರದೆಯಲ್ಲೇ ಅರ್ಧ ಗೆದ್ದಿದ್ದ.

ಮೂರನೆಯ ಹೆಜ್ಜೆ: ಅದೇ ನಿಯಮವನ್ನು ಮನೆಯಲ್ಲಿ ಕಟ್ಟಿಕೊಳ್ಳಿ

ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದು. ಆಟದ ಸ್ಮ್ಯಾಷ್ ವಿಭಾಗದಲ್ಲಿ ನಿಮ್ಮದೇ ನಿಯಮಾವಳಿ ರಚಿಸಿ ಉಳಿಸಿಡಬಹುದು: ಜೀವಗಳೆಷ್ಟು, ಸಮಯವೆಷ್ಟು, ಯಾವ ವಸ್ತುಗಳು ಬರಬೇಕು, ಎಷ್ಟು ಬಾರಿ, ಅಖಾಡದ ಅಪಾಯಗಳು ಇರಬೇಕೇ ಬೇಡವೇ. ಗಾತ್ರ ಬದಲಾಗುವುದು, ಮೈ ಲೋಹವಾಗುವುದು ಮುಂತಾದ ವಿಚಿತ್ರ ನಿಯಮಗಳಿಗೆ ಸ್ಪೆಷಲ್ ಸ್ಮ್ಯಾಷ್‌ನೊಳಗಿನ ಕಸ್ಟಮ್ ಸ್ಮ್ಯಾಷ್ ಇದೆ. ಟೂರ್ನಿಯ ನಿಯಮಕ್ಕೆ ಆದಷ್ಟು ಹತ್ತಿರವಾಗಿ ಹೊಂದಿಸಿಕೊಂಡು ಯಂತ್ರದ ಎದುರಾಳಿಯೊಂದಿಗೆ ಆಡಿ. ಯಂತ್ರಕ್ಕೆ ಒಂದರಿಂದ ಒಂಬತ್ತರವರೆಗೆ ಮಟ್ಟಗಳಿವೆ. ಐದಾರರಲ್ಲಿ ಶುರು ಮಾಡಿದರೆ ಸಾಕು, ಇಲ್ಲಿ ಗೆಲ್ಲುವುದಕ್ಕಿಂತ ಮೈಯ ಹೊಸ ಲೆಕ್ಕ ತಿಳಿಯುವುದು ಮುಖ್ಯ.

ಹೀಗೆ ಅಭ್ಯಾಸ ಮಾಡುವಾಗಲೇ ನನಗೆ ಲೋಹದ ಮೈಯ ರುಚಿ ಗೊತ್ತಾದದ್ದು. ಕರ್ಬಿ ಎಂಬ ಗುಂಡಗಿನ ಗುಲಾಬಿ ಪಾತ್ರಕ್ಕೆ ಗಾಳಿಯಲ್ಲೇ ಐದು ಬಾರಿ ಜಿಗಿಯುವ ವರವಿದೆ. ಅದನ್ನು ನಂಬಿ ಅಂಚಿನಿಂದ ಆಚೆ ತೇಲಿಹೋಗುವುದು ನನ್ನ ಅಭ್ಯಾಸ. ಮೈ ಲೋಹವಾದ ಮೇಲೆ ಅದೇ ಕರ್ಬಿ ಕಲ್ಲಿನಂತೆ ಇಳಿಯತೊಡಗಿತು. ಎರಡು ಜಿಗಿತ ಮುಗಿಯುವಷ್ಟರಲ್ಲಿ ಅಂಚು ನನ್ನ ತಲೆಯ ಮೇಲಿತ್ತು. ಪೆಟ್ಟು ತಿಂದರೆ ಹೆಚ್ಚು ಚಿಮ್ಮುವುದಿಲ್ಲ ಎಂಬ ಲಾಭ ಒಂದೆಡೆ, ಹೊರಗೆ ಹೋದರೆ ಮರಳುವುದು ಕಷ್ಟ ಎಂಬ ನಷ್ಟ ಇನ್ನೊಂದೆಡೆ. ಇದು ನಿಯಮದ ಸಾಲಿನಲ್ಲಿ ಬರೆದಿರುವುದಿಲ್ಲ, ಆಡಿಯೇ ತಿಳಿಯಬೇಕು.

ಪ್ರತ್ಯೇಕ ಪಟ್ಟುಗಳಿಗೆ ತರಬೇತಿ ವಿಭಾಗ ಬಳಸಿ. ಅಲ್ಲಿ ಆಟದ ವೇಗ ತಗ್ಗಿಸಬಹುದು, ಬೇಕಾದ ವಸ್ತು ತರಿಸಿಕೊಳ್ಳಬಹುದು, ಎದುರಾಳಿ ಯಾವ ದಾರಿಯಲ್ಲಿ ಚಿಮ್ಮುತ್ತಾನೆ ಎಂಬುದನ್ನು ತರಬೇತಿ ಅಖಾಡ ಗೆರೆಯೆಳೆದು ತೋರಿಸುತ್ತದೆ. ವಸ್ತುಗಳ ಟೂರ್ನಿಗೆ ಮುನ್ನ ಒಂದು ಅಭ್ಯಾಸವನ್ನಂತೂ ಬಿಡಬೇಡಿ: ಗಾಳಿಯಲ್ಲಿ ಬರುತ್ತಿರುವ ವಸ್ತುವನ್ನು ಸರಿಯಾದ ಗಳಿಗೆಯಲ್ಲಿ ಹೊಡೆತದ ಗುಂಡಿ ಒತ್ತಿ ಹಿಡಿಯುವುದು. ಅರ್ಧ ಗಂಟೆ ಇದನ್ನೇ ಮಾಡಿದರೆ ನಿಮ್ಮತ್ತ ಬರುವ ಬಾಂಬು ನಿಮ್ಮದೇ ಆಯುಧವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಸಂಪರ್ಕ

ಆನ್‌ಲೈನ್ ಪಂದ್ಯಕ್ಕೆ ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಬೇಕು. ಚಂದಾ ಮುಗಿಯುವ ದಿನವನ್ನು ಮೊದಲೇ ನೋಡಿಕೊಳ್ಳಿ. ಆಟ ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಓಡುತ್ತದೆ. ಆಟಗಾರರ ಯಂತ್ರಗಳು ನೇರವಾಗಿ ಪರಸ್ಪರ ಮಾತಾಡುತ್ತವೆ, ಸಂಪರ್ಕ ಕುಂಟಿದರೆ ಗುಂಡಿ ಒತ್ತಿದ್ದಕ್ಕೂ ಕತ್ತಿ ಬೀಸಿದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಅದು ನಿಮಗೆ ಮಾತ್ರವಲ್ಲ, ಎದುರಿಗಿರುವವರಿಗೂ ತೊಂದರೆ. ಆದ್ದರಿಂದ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಸ್ವಿಚ್‌ನ ಓಲೆಡ್ ಮಾದರಿಯ ಡಾಕ್‌ನಲ್ಲಿ (ಟಿವಿಗೆ ಜೋಡಿಸುವ ಪೀಠ) ಇದಕ್ಕೆ ಜಾಗವಿದೆ, ಹಳೆಯ ಡಾಕ್‌ಗಾದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ಹಾಕಿ. ಸೋಲು ಕಂಡ ಕೂಡಲೇ ಸಂಪರ್ಕ ಕಿತ್ತು ಓಡಬೇಡಿ. ಹಾಗೆ ಮಾಡಿದವರನ್ನು ಆಟ ಕೆಲಕಾಲ ಆನ್‌ಲೈನ್‌ನಿಂದ ಹೊರಗಿಡುತ್ತದೆ, ಮೂರು ದಿನದ ಟೂರ್ನಿಯಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ಐದನೆಯ ಹೆಜ್ಜೆ: ಪಂದ್ಯದೊಳಗೆ

ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯಬೇಡಿ. ನಿಮ್ಮ ಇತ್ತೀಚಿನ ಒಂಬತ್ತು ಹೊಡೆತಗಳನ್ನು ಆಟ ನೆನಪಿಟ್ಟುಕೊಂಡು, ಮರುಕಳಿಸಿದ ಹೊಡೆತದ ಬಲ ತಗ್ಗಿಸುತ್ತದೆ. ಕೊನೆಗೆ ಮುಗಿಸಲು ಬೇಕಾದ ದೊಡ್ಡ ಹೊಡೆತವನ್ನು ಆರಂಭದಲ್ಲೇ ಖರ್ಚು ಮಾಡದೆ ತಾಜಾ ಇಟ್ಟುಕೊಳ್ಳಿ.

ಪೆಟ್ಟು ತಿಂದು ಚಿಮ್ಮುವಾಗ ಕಡ್ಡಿಯನ್ನು ಸುಮ್ಮನೆ ಬಿಡಬೇಡಿ. ಚಿಮ್ಮುವ ದಿಕ್ಕಿಗೆ ಅಡ್ಡವಾಗಿ ಒತ್ತಿದರೆ ಹಾರುವ ಕೋನ ಸ್ವಲ್ಪ ಬಾಗುತ್ತದೆ, ಗಡಿಯ ಮೂಲೆಯತ್ತ ಹೋದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.

ಹೋಮ್-ರನ್ ಬ್ಯಾಟ್ ಕಂಡ ಕೂಡಲೇ ಎಲ್ಲರೂ ಅದರತ್ತ ಓಡುತ್ತಾರೆ. ಅದರ ದೊಡ್ಡ ಹೊಡೆತ ತಗುಲಿದರೆ ಎದುರಾಳಿ ಆಕಾಶ ಸೇರುವುದು ನಿಜ, ಆದರೆ ಬೀಸುವ ಮುನ್ನ ಕೈ ಹಿಂದಕ್ಕೆ ಹೋಗಿ ಬರಲು ಬಹಳ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪಕ್ಕದವರು ಬಂದು ತಳ್ಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಬ್ಯಾಟನ್ನು ಎಸೆದರೂ ಜೋರಾದ ಪೆಟ್ಟೇ. ನಾನು ಹೆಚ್ಚಾಗಿ ಎಸೆಯುತ್ತೇನೆ.

ಆರನೆಯ ಹೆಜ್ಜೆ: ಪಂದ್ಯಗಳ ನಡುವೆ ಬರೆದಿಡಿ

ಮೊದಲ ದಿನ ಎಲ್ಲರೂ ತಡಕಾಡುತ್ತಿರುತ್ತಾರೆ. ಎರಡನೆಯ ದಿನಕ್ಕೆ ಆ ನಿಯಮಕ್ಕೆ ಹೊಂದುವ ಪಾತ್ರಗಳು ಯಾವುವು ಎಂದು ಜನರಿಗೆ ಗೊತ್ತಾಗಿ, ಎದುರಿಗೆ ಅವೇ ಮತ್ತೆ ಮತ್ತೆ ಬರತೊಡಗುತ್ತವೆ. ಪ್ರತಿ ಸೋಲಿನ ನಂತರ ಒಂದೇ ಸಾಲು ಬರೆಯಿರಿ: ಯಾವ ಪಾತ್ರ, ಯಾವುದರಿಂದ ಸೋತೆ. ‘ಅದೃಷ್ಟ ಕೈಕೊಟ್ಟಿತು’ ಎಂದು ಬರೆಯಬೇಡಿ. ಮೂರು ಸೋಲು ಒಂದರ ಹಿಂದೆ ಒಂದು ಬಂದರೆ ಎದ್ದು ಹತ್ತು ನಿಮಿಷ ಆಚೆ ಹೋಗಿ. ಸಿಟ್ಟಿನಲ್ಲಿ ಆಡುವವರು ಜಿಗಿದಲ್ಲೇ ಜಿಗಿಯುತ್ತಾರೆ, ಒಳ್ಳೆಯ ಎದುರಾಳಿ ಅದನ್ನು ಎರಡೇ ಸಲಕ್ಕೆ ಗುರುತಿಸುತ್ತಾನೆ.

ನನ್ನ ಪುಸ್ತಕದಲ್ಲಿ ವಿಲೇಜರ್ ಹೆಸರಿನ ಎದುರು ಬರೆದಿರುವ ಸಾಲು ಇಷ್ಟು: ‘ಬಾಂಬು ಸಿಕ್ಕರೆ ಕಾಯಬೇಕು. ಅವನು ಕೊಡಲಿ ಬೀಸಲು ಶುರು ಮಾಡಿದಾಗ ಮಾತ್ರ ಎಸೆಯಬೇಕು.’ ಕೈ ಕೊಡಲಿಯ ಮೇಲಿರುವಾಗ ಜೇಬಿನ ಕಡೆ ಹೋಗಲಾರದು. ಅದೇ ಟೂರ್ನಿಯ ಮೂರನೆಯ ದಿನ ಇನ್ನೊಬ್ಬ ವಿಲೇಜರ್ ಎದುರಾದಾಗ ಹಾಗೆಯೇ ಕಾದೆ. ಕೊಡಲಿ ಮೇಲೆದ್ದಿತು. ಎಸೆದೆ.